ಅಡ್ಮಿರಲ್‌ಗೊಂದು ಕಡಿವಾಣ

ನೌಕಾಪಡೆಯಲ್ಲಿದ್ದಷ್ಟು ಕಾಲವೂ ಸೀನಪ್ಪ ಅಡ್ಮಿರಲ್‌ಗಳಿಗೆ ಸೆಲ್ಯೂಟ್ ಹೊಡೆದು ಹೊಡೆದು ಸಾಕಾಗಿಹೋಗಿದ್ದ. ನಿವೃತ್ತಿಯಾದ ಮೇಲೆ ತನ್ನ ಮಾತು ಕೇಳುವ ಅಡ್ಮಿರಲ್ ಒಬ್ಬನಾದರೂ ಇರಲಿ ಎಂದು, ವಿಶಾಖಪಟ್ಟಣದ ಬೀಚಿನಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಒಂದು ಪೋನಿ ಕುದುರೆಯನ್ನು ಕೊಂಡು ತಂದು ಅದಕ್ಕೆ ಆ ಹೆಸರಿಟ್ಟ. ಹೆಸರಿನ ಗುಣವೋ ಏನೋ, ಅದೂ ಇವನ ಮಾತು ಕೇಳಲಿಲ್ಲ.

ನೋಡಲು ಗಿಡ್ಡ, ಆದರೆ ಶಕ್ತಿಯಲ್ಲಿ ಎರಡು ಎತ್ತಿನ ಸಮ. ಪ್ಲಾಸ್ಟಿಕ್ ಕವರ್ ಹಾರಿದರೆ ಓಡು, ಸ್ಕೂಟರ್ ಕೆಮ್ಮಿದರೆ ಓಡು, ಏನೂ ಆಗದಿದ್ದರೆ ಏಕೆ ಏನೂ ಆಗಲಿಲ್ಲ ಎಂದು ಓಡು. ಲಗಾಮು ಜಗ್ಗಿದರಂತೂ ತಲೆಯನ್ನು ಆಕಾಶಕ್ಕೆ ಎತ್ತಿ, ಬಾಯಿ ಕಳೆದು, ಇನ್ನಷ್ಟು ಜೋರಾಗಿ ಓಡು. ಅದೇ ಊರಿನ ಗಾಜುವಾಕದಲ್ಲಿ ಸೀನಪ್ಪನ ಮನೆಯ ಪಕ್ಕದ ಖಾಲಿ ಸೈಟು ಅದಕ್ಕೆ ಯಾತಕ್ಕೂ ಸಾಲದು.

ಆದರೂ ಆ ಪೋನಿಯನ್ನು ಸೀನಪ್ಪ ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದ. ಅದಕ್ಕೆ ಕಾರಣ ಮೊಮ್ಮಗಳು ತನುಶ್ರೀ. ಶಾಲೆಯಲ್ಲಿ ತೆಲುಗು, ಗೆಳತಿಯರ ಜೊತೆ ತೆಲುಗು, ಅಪ್ಪ ವಿನಯ್ ಜೊತೆಗೂ ತೆಲುಗು. ಮಂಡ್ಯ ಮೂಲದ ಈ ತಾತ ಕನ್ನಡದಲ್ಲಿ ಏನಾದರೂ ಕೇಳಿದರೆ ಹುಡುಗಿ ತಲೆಯಾಡಿಸಿ ಫೋನು ನೋಡುತ್ತಿತ್ತು. ಅಡ್ಮಿರಲ್ ಬಂದ ದಿನವೇ ಸೀನಪ್ಪ ಕಾನೂನು ಮಾಡಿದ: ಕುದುರೆ ಮೇಲೆ ಕೂತರೆ ಕನ್ನಡವೇ. ಹುಡುಗಿ ಕುದುರೆಯ ಆಸೆಗೆ ಕನ್ನಡ ಕಲಿಯಿತು. ಇಳಿದ ಮೇಲೂ ಅಷ್ಟಿಷ್ಟು ಆಡತೊಡಗಿತು. ಪೋನಿ ಹೋದರೆ ತಾತನ ಪಾಲಿಗೆ ಮೊಮ್ಮಗಳೂ ಅರ್ಧ ಹೋದಂತೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಅಂಥದ್ದರಲ್ಲಿ ಅಡ್ಮಿರಲ್ ಒಂದು ಬೆಳಿಗ್ಗೆ ತನುಶ್ರೀಯನ್ನು ಹೊತ್ತುಕೊಂಡೇ ಸೈಟು ದಾಟಿ, ರಸ್ತೆ ದಾಟಿ, ಮೂಲೆಯ ರಾಜಮ್ಮನ ಇಡ್ಲಿ ಬಂಡಿಯ ಮೇಲೆ ಬಿತ್ತು. ಹುಡುಗಿಗೆ ಏನೂ ಆಗಲಿಲ್ಲ. ಸಾಂಬಾರು ಮಾತ್ರ ಚರಂಡಿ ಪಾಲಾಯಿತು.

ವಿನಯ್ ಕೆಂಡವಾದ. "ಅಪ್ಪಾ, ಸಾಕು. ಭಾನುವಾರ ಮದುವೆ ಬ್ಯಾಂಡ್‌ನೋರು ಇದ್ನ ನೋಡಿ ಕೊಳ್ಳಕ್ಕೆ ಬತ್ತಾರೆ. ಅವತ್ತೂ ಹಿಂಗೇ ಓಡಿದ್ರೆ ಕೊಟ್‌ಬುಡೋದೇ. ಮಗೂಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ಮಗ ಹೇಳಿದ್ದರಲ್ಲಿ ತಪ್ಪೇನಿತ್ತು?

ಆದರೆ ಸೀನಪ್ಪ ಹಡಗಿನ ಎಂಜಿನ್ ರೂಮಿನಲ್ಲಿ ಆಯುಷ್ಯ ಕಳೆದವನು. ಓಡುವ ಯಾವುದನ್ನಾದರೂ ನಿಲ್ಲಿಸಲು ಬ್ರೇಕ್ ಬೇಕು. ನಿಲ್ಲದಿದ್ದರೆ ಬ್ರೇಕ್ ಸಾಲದು. ಇದು ಅವನ ವೇದಾಂತ. ಕುದುರೆಯ ಬ್ರೇಕ್ ಎಂದರೆ ಬಾಯೊಳಗಿನ ಕಡಿವಾಣ. ಬೀಚಿನವನು ಕೊಟ್ಟದ್ದು ನಡುವೆ ಕೀಲಿರುವ ಕಬ್ಬಿಣದ್ದು. ಸೀನಪ್ಪ ಅದನ್ನು ತೆಗೆದು ಅದಕ್ಕಿಂತ ಗಟ್ಟಿ ಕೀಲಿನದ್ದು ಹಾಕಿದ್ದ. ಅಡ್ಮಿರಲ್ ಮೊದಲಿಗಿಂತ ಜೋರಾಗಿ ಓಡಿತ್ತು. ಇನ್ನೂ ಭಾರದ್ದು ಹಾಕಿದ. ಇಡ್ಲಿ ಬಂಡಿಯ ಪ್ರಸಂಗ ನಡೆದದ್ದು ಅದರಲ್ಲೇ. ಹಾಗಾದರೆ ಇನ್ನೂ ಭಾರದ್ದು ಬೇಕು ಎಂದು ತೀರ್ಮಾನಿಸಿದ.

"ವಿಜಯವಾಡಕ್ಕೆ ಹೋಯ್ತೀನಿ ಕಣೇ. ಆಟೋನಗರ್‌ನಲ್ಲಿ ಲಾರಿಗೇ ಬ್ರೇಕ್ ಮಾಡೋ ಜನ ಅವ್ರೆ, ಇದ್ಯಾವ ಮಹಾ," ಎಂದ ಹೆಂಡತಿಗೆ.

ಮಂಗಳಾಗೌರಿ ಬೀನ್ಸ್ ಮುರಿಯುತ್ತಲೇ ಹೇಳಿದಳು: "ಹೋಗಿ. ಅದ್ರ ಬಾಯ್ಗೆ ಮಾಡ್ಸೋವಾಗ ನಿಮ್ ಬಾಯ್ಗೂ ಒಂದು ಮಾಡ್ಸ್ಕೊಂಡ್ ಬನ್ನಿ. ಆ ಹಲ್ಲಿನ್ ಸೆಟ್ಟು ಬಾಯಲ್ಲಿರೋದಕ್ಕಿಂತ ಜೇಬಲ್ಲಿರೋದೇ ಹೆಚ್ಚು. ನಮ್ಮಣ್ಣನ್ ಮಗಳು ದೀಪಿಕಾ ಅಲ್ಲೇ ಗವರ್ನರ್‌ಪೇಟೆಲಿ ಹಲ್ಲಿನ್ ಕ್ಲಿನಿಕ್ ಇಟ್ಟಿರೋದು ಯಾಕೆ?"

ಬೆಳಗಿನ ರೈಲು ಹಿಡಿದು ವಿಜಯವಾಡದಲ್ಲಿ ಇಳಿದವನು ಮೊದಲು ಹೋದದ್ದು ಆಟೋನಗರ್‌ಗೆ. ಕಬ್ಬಿಣ ಕಡೆಯುವ ಲೇತು ಅಂಗಡಿಯ ಒಡತಿ ದುರ್ಗಾಭವಾನಿ ಅವನ ಚಿತ್ರ ನೋಡಿದಳು: ಹೆಬ್ಬೆರಳಿಗಿಂತ ದಪ್ಪ ಉಕ್ಕು, ನಡುವೆ ಭಾರಿ ಕೀಲು, ಎರಡೂ ಕಡೆ ಮೊಳದುದ್ದದ ಹಿಡಿಕೆ. "ಇದಿ ಗುರ್ರಾನಿಕಾ, ಲಾರೀಕಾ?" ಎಂದಳು. ಕುದುರೆಗೇ ಎಂದು ಸೀನಪ್ಪ ಗಂಭೀರವಾಗಿ ಹೇಳಿ, ಸಾಯಂಕಾಲ ಬರುತ್ತೇನೆಂದು ಗವರ್ನರ್‌ಪೇಟೆಯ ಆಟೋ ಹತ್ತಿದ.

ದೀಪಿಕಾ ವಿಜಯವಾಡದಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡಕ್ಕೆ ತೆಲುಗಿನ ಒಗ್ಗರಣೆ. "ಕೂತ್ಕೊಳ್ಳಂಡಿ ಮಾವಯ್ಯ. ಅಚ್ಚು ತೊಗೊಂಡ್ರೆ ಅಯಿಪೋಯಿಂದಿ. ನೋವಾದ್ರೆ ಎಡಗೈ ಎತ್ತಿ, ನಾನು ನಿಲ್ಲಿಸ್ತೀನಿ," ಎಂದು ಕುತ್ತಿಗೆಗೆ ಹಸಿರು ಬಟ್ಟೆ ಕಟ್ಟಿ, ತಟ್ಟೆಯಂಥ ಒಂದು ಕಬ್ಬಿಣದ ಅಚ್ಚಿನಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ ಅವನ ಬಾಯಿಗೆ ಒತ್ತಿದಳು.

ಅಚ್ಚಿನ ಅಂಚು ನೇರವಾಗಿ ಅಂಗುಳಕ್ಕೆ ಚುಚ್ಚಿತು. ಸೀನಪ್ಪ ಎಡಗೈ ಎತ್ತಿದ.

"ಅಯಿಪೋಯಿಂದಿ, ಆಯ್ತು, ಅಯಿಪೋಯಿಂದಿ," ಎಂದು ದೀಪಿಕಾ ಇನ್ನಷ್ಟು ಒತ್ತಿದಳು.

ಅವನು ಎರಡೂ ಕೈ ಎತ್ತಿದ. ಅವನು ಅಲುಗಬಾರದೆಂದು ಅವಳು ಮತ್ತೂ ಬಲವಾಗಿ ಒತ್ತಿದಳು. ಅವನು ಒಂದು ಕಾಲನ್ನೂ ಎತ್ತಿದ. ಕಣ್ಣಲ್ಲಿ ನೀರು ಬಂತು, ಉಸಿರು ಗಂಟಲಲ್ಲಿ ಸಿಕ್ಕಿತು, ತಲೆ ತಾನಾಗಿ ಮೇಲಕ್ಕೆ ಹೋಯಿತು. ಆಮೇಲೆ ಏನಾಯಿತೆಂದು ಸೀನಪ್ಪನಿಗೇ ಗೊತ್ತಿಲ್ಲ. ಎಂಜಿನ್ ರೂಮಿನಲ್ಲಿ ಬೆಂಕಿ ಬಿದ್ದಾಗಲೂ ಜಾಗ ಬಿಟ್ಟು ಕದಲದವನು ಕುರ್ಚಿಯಿಂದ ನೆಗೆದು, ಕಾಯುತ್ತಿದ್ದ ರೋಗಿಗಳನ್ನು ದಾಟಿ, ಮೆಟ್ಟಿಲಿಳಿದು, ಗವರ್ನರ್‌ಪೇಟೆಯ ನಡುಬೀದಿಯಲ್ಲಿ ಓಡುತ್ತಿದ್ದ. ಬಾಯಿಂದ ಅಚ್ಚಿನ ಹಿಡಿಕೆ ಹೊರಗೆ ಚಾಚಿತ್ತು, ಕತ್ತಿನ ಬಟ್ಟೆ ಗಾಳಿಗೆ ಹಾರುತ್ತಿತ್ತು. ಸೀರೆಯ ಮೂಟೆ ಹೊತ್ತ ಹಮಾಲರು ಗೋಡೆಗೆ ಅಂಟಿ ದಾರಿ ಬಿಟ್ಟರು. ಆಟೋದವನೊಬ್ಬ ತಾನಾಗೇ ಬ್ರೇಕ್ ಹಾಕಿ ನೋಡುತ್ತ ನಿಂತ.

ಹಿಂದಿನಿಂದ ಒತ್ತುವ ಕೈ ಇಲ್ಲವೆಂದು ಅರಿವಾದಾಗ ಸೀನಪ್ಪನ ಕಾಲು ತಾನಾಗಿ ನಿಂತಿತು.

ನಿಂತಲ್ಲೇ ಅವನಿಗೆ ಅಡ್ಮಿರಲ್ ನೆನಪಾಯಿತು. ಮೇಲೆತ್ತಿದ ತಲೆ, ತೆರೆದ ಬಾಯಿ. ಪಾಪದ ಪ್ರಾಣಿ ಇಷ್ಟು ದಿನ ಕೈ ಎತ್ತುತ್ತಲೇ ಇತ್ತು. ತಾನು "ಆಯ್ತು, ಆಯ್ತು" ಎನ್ನುತ್ತ ಇನ್ನಷ್ಟು ಜಗ್ಗುತ್ತಲೇ ಇದ್ದ. ಸೀನಪ್ಪನಿಗೆ ನಾಚಿಕೆಯಾಯಿತು.

ಹೆಗಲ ಚೀಲ ಹೆಗಲಲ್ಲೇ ಇತ್ತು. ಅಳತೆಗೆಂದು ತಂದಿದ್ದ ಬೀಚಿನವನ ಹಳೆಯ ಕಡಿವಾಣ ತೆಗೆದು ಎರಡೂ ತುದಿ ಹಿಡಿದು ಜಗ್ಗಿದ. ನಡುವಿನ ಕೀಲು ಮಡಚಿಕೊಂಡು ಗುಡಿಸಲಿನ ಸೂರಿನ ಹಾಗೆ ಎದ್ದು ನಿಂತಿತು. ಹೆಚ್ಚು ಜಗ್ಗಿದಷ್ಟೂ ಹೆಚ್ಚು ಎದ್ದಿತು. ಅಷ್ಟೇ ಅಲ್ಲ, ಸರಳಿನ ನಡುಭಾಗ ಮಾತ್ರ ಸವೆದು ಹೊಳೆಯುತ್ತಿತ್ತು. ಎರಡೂ ಅಂಚು ಕಪ್ಪಾಗೇ ಉಳಿದಿದ್ದವು. ಅಂದರೆ ಪೋನಿಯ ಬಾಯಿ ಇದಕ್ಕಿಂತ ಚಿಕ್ಕದು. ಸವೆದ ಬೇರಿಂಗಿನ ಗುರುತು ನೋಡಿ ಇಡೀ ಹಡಗಿನ ಜಾತಕ ಹೇಳುತ್ತಿದ್ದವನ ಕಣ್ಣಿಗೆ ಇದು ಇಷ್ಟು ದಿನ ಬಿದ್ದಿರಲಿಲ್ಲ.

ಏದುಸಿರು ಬಿಡುತ್ತ ಬಂದ ದೀಪಿಕಾ ಅಚ್ಚು ಕಿತ್ತು, ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಸೀನಪ್ಪ ಕಡಿವಾಣವನ್ನು ಅವಳ ಮುಖದ ಮುಂದೆ ಹಿಡಿದು, "ಇದು ಬಾಯಲ್ಲಿದ್ರೆ ಏನಾಯ್ತದವ್ವಾ, ಡಾಕ್ಟ್ರಾಗಿ ಹೇಳು," ಎಂದ.

ಅವಳು ತಿರುಗಿಸಿ ನೋಡಿದಳು. "ನಾಲಿಗೆ ದಪ್ಪ ಇದ್ದು ಅಂಗುಳ ತಗ್ಗಿದ್ರೆ ಇದು ಚುಚ್ಚುತ್ತೆ ಮಾವಯ್ಯ. ನಿಮ್ಮದೂ ಅದೇ ತರ ಬಾಯಿ. ಅಚ್ಚು ದೊಡ್ಡದಾಗಿತ್ತು, ತಪ್ಪು ನಂದೇ. ಚಿಕ್ಕದು ಹಾಕ್ತೀನಿ, ಬನ್ನಂಡಿ."

ಚಿಕ್ಕ ಅಚ್ಚು ಹಾಕಿದಾಗ ಸೀನಪ್ಪ ಕುರ್ಚಿಯಲ್ಲಿ ಕದಲದೆ ಕೂತ.

ಸಂಜೆ ಆಟೋನಗರ್‌ನಲ್ಲಿ ದುರ್ಗಾಭವಾನಿ ತಯಾರಾದ ರಾಕ್ಷಸ ಕಡಿವಾಣವನ್ನು ಹೆಮ್ಮೆಯಿಂದ ಎತ್ತಿಕೊಟ್ಟಳು. ಸೀನಪ್ಪ ಅದನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದು ಬೇಕೆಂದ: ಕೀಲೇ ಬೇಡ, ಹಿಡಿಕೆ ಬೇಡ, ನಾಲಿಗೆಗೆ ಜಾಗ ಬಿಡುವಂತೆ ಸ್ವಲ್ಪ ಬಾಗಿದ ಒಂದೇ ಸರಳು, ಎಲ್ಲೂ ತರಚದಂತೆ ನುಣುಪು, ಉದ್ದ ಈ ಸವೆದ ಗುರುತಿನಷ್ಟು. ಅವಳು ಬೆಳಗಿನ ಲಾರಿ ಸಾಯಂಕಾಲಕ್ಕೆ ಕೂಸಾಗಿಹೋಯಿತೇ ಎಂದು ತೆಲುಗಿನಲ್ಲಿ ನಕ್ಕು ಲೇತು ತಿರುಗಿಸಿದಳು.

ಮರುದಿನದಿಂದ ಅಡ್ಮಿರಲ್ ಬಾಯಿಗೆ ಬಾಗಿದ ಸರಳು, ತನುಶ್ರೀಗೆ ಬೇರೆ ಪಾಠ. "ಅದು ತಲೆ ಎತ್ತುದ್ರೆ ಜಗ್ಗಬ್ಯಾಡ ಮಗಾ, ಕೈ ಸಡ್ಲ ಬುಡು. ಇಳಿದ್ಮೇಲೆ ಬಾಯ್ ತೆಗ್ಸಿ ನೋಡು, ಎಲ್ ಚುಚ್ತದೆ ಅಂತ ಕೇಳು," ಎಂದ. ತನುಶ್ರೀ ದಿನಾ ಕುದುರೆಯನ್ನು ಹಾಗೇ ಕೇಳಿದಳು, ಕನ್ನಡದಲ್ಲೇ.

ಭಾನುವಾರ ಬ್ಯಾಂಡಿನವನು ಬಂದ. ಮದುವೆಗೆ ಆಗುವ ಕುದುರೆ ಹೌದೋ ಅಲ್ಲವೋ ನೋಡಬೇಕಲ್ಲ, ಡೋಲೂ ತಂದಿದ್ದ. ತನುಶ್ರೀ ಪೋನಿ ಹತ್ತಿ ಸೈಟು ಸುತ್ತುತ್ತಿದ್ದಂತೆ, ಯಾರನ್ನೂ ಕೇಳದೆ ಢಂ ಎಂದು ಬಾರಿಸಿದ.

ಅಡ್ಮಿರಲ್ ಕಿವಿ ನಿಮಿರಿಸಿ ಓಟ ಕಿತ್ತಿತು. "ಲಾಗು! ಲಾಗು!" ಎಂದು ವಿನಯ್ ತೆಲುಗಿನಲ್ಲಿ ಜಗ್ಗಲು ಕೂಗಿದ. "ಬುಡು ಮಗಾ, ಕೈ ಬುಡು!" ಎಂದು ಸೀನಪ್ಪ ಕೂಗಿದ. ಹುಡುಗಿ ಒಂದು ಕ್ಷಣ ಇಬ್ಬರನ್ನೂ ನೋಡಿ ಲಗಾಮು ಸಡಿಲ ಬಿಟ್ಟಳು. ಎತ್ತಿದ್ದ ತಲೆ ಕೆಳಗಿಳಿಯಿತು, ಓಟ ಕುಲುಕು ನಡಿಗೆಯಾಯಿತು. ಅವಳು ಮೆಲ್ಲಗೆ ಲಗಾಮು ಹಿಡಿದಳು. ರಾಜಮ್ಮ ಸಾಂಬಾರಿನ ಪಾತ್ರೆಯನ್ನು ಎದೆಗವಚಿಕೊಳ್ಳುವಷ್ಟರಲ್ಲಿ ಅಡ್ಮಿರಲ್ ಬಂಡಿಯ ಎದುರು ನಿಂತು ಇಡ್ಲಿಯ ಆವಿ ಮೂಸುತ್ತಿತ್ತು.

"ಓಡ್ತಲ್ಲಪ್ಪಾ," ಎಂದ ವಿನಯ್.

"ಓಡ್ತು. ನಿಂತ್ಕತು, ನೋಡ್ನಿಲ್ವಾ?" ಎಂದ ಸೀನಪ್ಪ.

ಬ್ಯಾಂಡಿನವನಿಗಂತೂ ಬಹಳ ಹಿಡಿಸಿತು. ಡೋಲಿನ ಸದ್ದಿಗೂ ಸವಾರನನ್ನು ಬೀಳಿಸದೆ ನಿಲ್ಲುವ ಕುದುರೆ ಎಲ್ಲಿ ಸಿಗುತ್ತದೆ, ಈಗಲೇ ಹೊಡೆದುಕೊಂಡು ಹೋಗುತ್ತೇನೆ ಎಂದ. ಓಡಿದರೂ ಹೋಗುತ್ತದೆ, ನಿಂತರೂ ಹೋಗುತ್ತದೆ ಎಂದರೆ ಸೀನಪ್ಪ ಏನು ಮಾಡಬೇಕು? ವಿನಯ್ ಅಪ್ಪನ ಮುಖ ನೋಡಿದ.

ಉತ್ತರ ಬಂದದ್ದು ಕುದುರೆಯ ಬೆನ್ನಿನಿಂದ. "ಕೊಡಕ್ಕಿಲ್ಲ," ಎಂದಳು ತನುಶ್ರೀ ಅಪ್ಪನಿಗೆ, ಅಪ್ಪಟ ಮಂಡ್ಯದ ಕನ್ನಡದಲ್ಲಿ. "ಇದು ನಮ್ದು. ನಂದು, ತಾತಂದು. ಅವ್ರ್ನ ಹೋಗಕ್ಕೇಳಪ್ಪಾ."

ಮಗಳು ತನ್ನೊಡನೆ ಕನ್ನಡವಾಡಿದ್ದನ್ನು ವಿನಯ್ ಕೇಳಿದ್ದು ಯಾವ ಕಾಲದಲ್ಲೋ. ಅವನು ಬ್ಯಾಂಡಿನವನ ಹೆಗಲ ಮೇಲೆ ಕೈಹಾಕಿ, ಕುದುರೆ ಇಲ್ಲ, ಕಾಫಿಯಾದರೂ ಕುಡಿಯಿರಿ ಎಂದು ಕರೆದುಕೊಂಡು ಹೋದ. ಆ ರಾಕ್ಷಸ ಕಡಿವಾಣ ಈಗ ಸೀನಪ್ಪನ ಗೇಟಿನ ಅಗುಳಿಯಾಗಿದೆ, ಅದಕ್ಕಾದರೂ ಸರಿಹೋಯಿತು.

ಅವರು ಹೋದರೂ ಸೀನಪ್ಪ ಮಾತ್ರ ನಿಂತಲ್ಲೇ ನಿಂತಿದ್ದ. ಕಣ್ಣಿಂದ ನೀರು ಸುರಿಯುತ್ತಿತ್ತು, ಗದ್ದ ಅದುರುತ್ತಿತ್ತು. ಹೊಸ ಹಲ್ಲಿನ ಸೆಟ್ಟು ಇನ್ನೂ ಬಂದಿರಲಿಲ್ಲ. ಬ್ಯಾಂಡಿನವನ ಮುಂದೆ ಮರ್ಯಾದೆಗೆಂದು ಹಳೆಯದನ್ನೇ ಹಾಕಿಕೊಂಡಿದ್ದ.

"ಏನಿಲ್ಲ ಮಗಾ, ಈ ಹಲ್ಲು..." ಎಂದ.

ತನುಶ್ರೀ ಕುದುರೆಯಿಂದ ಇಳಿದು ಬಂದು, ಎರಡೂ ಕೈಯಲ್ಲಿ ಅವನ ಗದ್ದ ಹಿಡಿದಳು.

"ಬಾಯ್ ತೆಗಿ ತಾತ. ಎಲ್ ಚುಚ್ತದೆ, ತೋರ್ಸು."

ಸೀನಪ್ಪ ಬಾಯಿ ತೆರೆದ.