ನಮ್ಮವರು ಡೀನ್ ಆದರು

“ಹೊಲಸು ಬಳ್ಯಾಕ ಬಂದಾಕಿ ಹೊಲಸಿಗೆ ಹೇಸ್ತೀಯೇನ, ಬೋಸುಡಿ?”

ಸೂಪರ್‌ವೈಸರ್ ವಿಜಯಮಹಾಂತೇಶ ಹಾಗೆ ಅಂದಾಗ ನಾನು ಕಲಾ ವಿಭಾಗದ ಶೌಚಾಲಯದಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದೆ. ಕಟ್ಟಡದ ಹಿಂದಿನ ಗುಂಡಿ ತುಂಬಿ, ಹೋದದ್ದೆಲ್ಲ ತಿರುಗಿ ಒಳಗೆ ಬರುತ್ತಿತ್ತು. ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಸಮಿತಿ ಮರುದಿನವೇ ಬರುವುದಿತ್ತು.

“ಎಷ್ಟ್ ಬಳದ್ರೂ ಬರತೈತ್ರಿ. ಗುಂಡಿ ಎಳಿಯೋ ಗಾಡಿ ತರಸ್ರಿ,” ಅಂದೆ.

“ಗಾಡಿ ಯಾಕ? ನಿನ್ನ ಗಂಡ ಅದಾನಲ್ಲ. ಇಳಸು.”

ನನ್ನ ಗಂಡ ದುರಗಪ್ಪ ಅಲ್ಲೇ ಗಿಡಗಳಿಗೆ ನೀರು ಬಿಡುತ್ತಿದ್ದ. ಪೈಪು ಒಗೆದು ಬಂದ. “ಮನಷ್ಯಾನ್ನ ಗುಂಡ್ಯಾಗ ಇಳಿಸಿದ್ರ ಜೇಲು ಆಕ್ಕೈತಿ. ಡೀನ್ ಸಾಹೇಬ್ರು ಭಾಷಣದಾಗ ಹೇಳ್ಯಾರ. ಬೇಕಾದ್ರ ನೀ ಇಳಿ, ಮಗನ!”

ಡೀನ್ ಸಾಹೇಬರೆಂದರೆ ಮೈಲಾರಪ್ಪ. ಬ್ಯಾಡಗಿಯಲ್ಲಿ ನಮ್ಮದೇ ಕೇರಿಯವರು. ಅವರ ತಾಯಿಯೂ ನನ್ನ ಅತ್ತೆ ಭರಮವ್ವನೂ ಒಂದೇ ರಾಶಿಯ ಎದುರು ಕೂತು ಮೆಣಸಿನಕಾಯಿ ತೊಟ್ಟು ಮುರಿದವರು. ತಾಯಿ ತೀರಿಕೊಂಡ ಮೇಲೆ ಹುಡುಗ ಅತ್ತೆಯ ಮನೆಯಲ್ಲೇ ಉಂಡು ಕಾಲೇಜು ಮುಗಿಸಿದ. ಕೆಲಸದ ನಡುವೆ ಆಕೆ ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡೇ ಪಿಎಚ್.ಡಿ. ಮಾಡಿದ. ಉಪನ್ಯಾಸಕರಾದರು, ಪ್ರೊಫೆಸರಾದರು. ಡೀನ್ ಆಗುವ ಸರದಿ ಬಂದಾಗ ವಿಶ್ವವಿದ್ಯಾಲಯದವರು ಅವರನ್ನು ದಾಟಿ ಇನ್ನೊಬ್ಬರನ್ನು ತರಲು ನೋಡಿದರು. ಆಗ ನಮ್ಮ ಕೇರಿಗೆ ಕೇರಿಯೇ ರಾಣೆಬೆನ್ನೂರಿಗೆ ಬಂದು ವಿಶ್ವವಿದ್ಯಾಲಯದ ಗೇಟಿನ ಮುಂದೆ ಬಿಸಿಲಲ್ಲಿ ಕೂತಿತು. ಲಾಠಿ ಬಿದ್ದು ದುರಗಪ್ಪನ ತಲೆ ಒಡೆಯಿತು. ಡೀನ್ ಆದ ದಿನ ಅವರು ಅತ್ತೆಯ ಕಾಲಿಗೆ ಬಿದ್ದು ಅತ್ತಿದ್ದರು. ನಮ್ಮಿಬ್ಬರಿಗೂ ಅಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು.

ಒಳ್ಳೆಯದನ್ನೂ ಮಾಡಿದರು. ನಮ್ಮ ಜನದ ಹುಡುಗಿಯೊಬ್ಬಳಿಗೆ ಸಂಶೋಧನೆಗೆ ಮಾರ್ಗದರ್ಶನ ಮಾಡಲು ಒಲ್ಲೆನೆಂದ ಪ್ರೊಫೆಸರರನ್ನು ಸಭೆಯಲ್ಲಿ ನಿಲ್ಲಿಸಿ ಕೇಳಿದ್ದರು. ಅದಕ್ಕೇ, ಅವತ್ತು ವರಾಂಡದಲ್ಲಿ ಅವರು ಬರುವುದು ಕಂಡಾಗ ನನಗೆ ಜೀವ ಬಂದಂತಾಯಿತು.

“ಏನ್ರೀ ವಿಜಯಮಹಾಂತೇಶ, ಹೆಣ್ಮಕ್ಕಳ ಜೋಡಿ ಮಾತಾಡೂ ರೀತಿ ಏನ್ರಿ ಇದು?” ಎಂದು ಗದರಿದರು. ಅವನು ತಲೆ ತಗ್ಗಿಸಿದ. ಆಮೇಲೆ ದುರಗಪ್ಪನ ಹೆಗಲ ಮೇಲೆ ಕೈ ಹಾಕಿ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

“ದುರಗೂ, ಗಾಡಿ ಕೆಟ್ಟೈತಂತ. ನಾಳೆ ಕಮಿಟಿ ಮುಂದ ಈ ಕಟ್ಟಡ ಗಬ್ಬು ನಾರಿದ್ರ ಮಂದಿ ಏನಂತಾರ ಹೇಳು? ಇಂಥವನ ಕೈಯಾಗ ಅಧಿಕಾರ ಕೊಟ್ರ ಹಿಂಗ ಆಕ್ಕೈತಿ ಅಂತಾರ. ಅವರು ಕಾಯಾಕತ್ತಿದ್ದು ಇದಕ್ಕನ. ನನ್ನ ಮಾನ, ನಿನ್ನ ಮಾನ ಬ್ಯಾರೆ ಏನೋ? ಒಂದೀಟು ಇಳದು ಕಟ್ಟಿದ್ದು ಬಿಡಿಸಿ ಬಾ.”

“ಅಣ್ಣಾ, ನೀನೂ...” ಅಂದ ದುರಗಪ್ಪ.

“ಅಣ್ಣ ಅಂತನ ಕೇಳಾಕತ್ತೇನೋ. ಡೀನ್ ಅಂತ ಅಲ್ಲ.”

ಬೈಗುಳಕ್ಕೆ ಬಗ್ಗದ ನನ್ನ ಗಂಡ ಆ ಮಾತಿಗೆ ಬಗ್ಗಿದ. ಬ್ಯಾಡ ಬ್ಯಾಡ ಅಂತ ನಾನು ಕೈ ಹಿಡಿದು ಎಳೆದೆ. “ಸುಮ್ನಿರ, ಅಣ್ಣನ ಮರ್ಯಾದಿ ಪ್ರಶ್ನಿ ಐತಿ,” ಅಂದ. ಅಂಗಿ ಕಳಚಿ ನನ್ನ ಕೈಗೆ ಕೊಟ್ಟ. ಡೀನ್ ಸಾಹೇಬರು ಗುಂಡಿಯ ತನಕ ಬರಲಿಲ್ಲ. ಸಭಾಂಗಣಕ್ಕೆ ಹೂವಿನ ಅಲಂಕಾರ ನೋಡಲು ಹೋದರು.

ಒಳಗಿಳಿದವನು ಒಮ್ಮೆ “ರೋಹಿಣೀ” ಅಂದ. ಇನ್ನೊಮ್ಮೆ ಅನ್ನಲಿಲ್ಲ. ನಾನು ಕಿರುಚಿಕೊಂಡೆ. ಮಾಲಿ ದಾದಾಪೀರ ಮುಖಕ್ಕೆ ಒದ್ದೆ ವಸ್ತ್ರ ಸುತ್ತಿಕೊಂಡು, ಅಂಚಿನಲ್ಲಿ ಬೋರಲು ಮಲಗಿ, ಕೊಕ್ಕೆ ಕಟ್ಟಿದ ಹಗ್ಗ ಬಿಟ್ಟು ಎಳೆದ. ಮೇಲೆ ಬಂದವನ ಬಾಯಿ ಮೂಗಿನ ತುಂಬ ಹೊಲಸು. ಸೆರಗಿನಿಂದ ತೆಗೆದೆ. ಬೆರಳಿನಿಂದ ತೆಗೆದೆ. ಉಸಿರಿತ್ತು, ಅಷ್ಟೇ.

ಹಾವೇರಿಯ ಆಸ್ಪತ್ರೆಯಲ್ಲಿ ಯಂತ್ರ ಅವನ ಎದೆಯನ್ನು ಏರಿಸಿ ಇಳಿಸುತ್ತಿತ್ತು. ಮರುದಿನ ಸಂಜೆ ಡೀನ್ ಸಾಹೇಬರು ಬಂದರು. ಅತ್ತೆ ಹೊರಗೆ ಬಾಗಿಲ ಬಳಿ ಕೂತಿದ್ದಳು. ಅವರು ಆಕೆಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು.

“ದೊಡ್ಡವ್ವಾ, ಪೊಲೀಸ್ರು ಕೇಳಾಕ ಬರ್ತಾರ. ಮೊಬೈಲು ಗುಂಡ್ಯಾಗ ಬಿತ್ತು, ತಗೊಳ್ಳಾಕ ತಾನ ಇಳದಾ ಅಂತ ಹೇಳಿಬಿಡು. ರೋಹಿಣೀನ ಖಾಯಂ ಮಾಡಸ್ತೇನಿ. ನಮ್ಮ ಪೈಕಿ ಮ್ಯಾಲೆ ಬಂದಾಂವ ನಾ ಒಬ್ಬನ ಅದೇನಿ. ನನ್ನ ಕೆಡವಿದ್ರ ನಗೂದು ಯಾರು, ನೀನ ಹೇಳು.”

ಅತ್ತೆ ಬಾಗಿಲ ಕಡೆ ಕೈ ತೋರಿಸಿದಳು.

“ಒಳಗ ಹೋಗಿ ಅವನ್ನ ನೋಡಿದೇನ?”

“ನೋಡಾಕ ಆಗೂದಿಲ್ಲ ದೊಡ್ಡವ್ವಾ.”

“ಇಳಸಾಕ ಆತು.”

ಅವರು ಎದ್ದು ಹೋದರು. ಅತ್ತೆ ಅಳಲಿಲ್ಲ. ತನ್ನ ಮನೆಯಲ್ಲಿ ಉಂಡವನಿಗಾಗಿ ಅಳುವುದೋ, ಒಳಗೆ ಮಲಗಿದವನಿಗಾಗಿ ಅಳುವುದೋ ಆಕೆಗೆ ತಿಳಿಯಲಿಲ್ಲವೆಂದು ನನಗನಿಸಿತು.

ಬೆಳಿಗ್ಗೆ ದಾದಾಪೀರನನ್ನು ದುರಗಪ್ಪನ ಬಳಿ ಕೂರಿಸಿ ಇಬ್ಬರೂ ಠಾಣೆಗೆ ಹೋದೆವು. ಇನ್‌ಸ್ಪೆಕ್ಟರ್ ನಮ್ಮನ್ನು ಮೇಜಿನ ಮುಂದೆ ನಿಲ್ಲಿಸಿ ಕೇಳಿದರು. ನಡೆದದ್ದನ್ನು ನಡೆದಂತೆ ಹೇಳಿದೆ.

“ಸೂಪರ್‌ವೈಸರ್ ಹೆಸರು ಕೊಡವಾ, ಸಾಕು. ಡೀನ್ ಸಾಹೇಬ್ರನ್ನ ಯಾಕ ಎಳೀತಿ? ಅವರು ನಿಮ್ಮವರ ಅಲ್ಲೇನು?”

“ನಮ್ಮವ ಅಂತನ ನನ್ನ ಗಂಡ ಇಳದಾನ್ರಿ,” ಅಂದೆ. “ಇಲ್ಲಂದ್ರ ಇಳೀತಿರಲಿಲ್ಲ.”

ಅಷ್ಟರಲ್ಲಿ ಮೈಲಾರಪ್ಪನವರು ಬಂದರು. ಯಾರು ಫೋನು ಮಾಡಿದ್ದರೋ. ಇನ್‌ಸ್ಪೆಕ್ಟರ್ ದಿಗ್ಗನೆ ಎದ್ದು, “ಬರ್ರಿ ಸರ್, ಕುಂದ್ರಿ,” ಎಂದು ಕುರ್ಚಿ ಎಳೆದರು.

ಆ ಕುರ್ಚಿಯಲ್ಲಿ ಅತ್ತೆ ಕೂತಳು.

“ಏ ಮುದಕೀ!” ಎಂದು ಪೇದೆ ಮುಂದೆ ಬಂದ. ಆಕೆ ಅತ್ತ ನೋಡಲೇ ಇಲ್ಲ.

“ದೊಡ್ಡವ್ವಾ...” ಅಂದರು ಅವರು, ಮೆಲ್ಲಗೆ.

“ಹಂಗ ಕರೀಬ್ಯಾಡ. ಆ ಸಂಬಂಧ ಹಿಡದ ನನ್ನ ಮಗನ್ನ ಇಳಿಸೀದಿ.” ಅತ್ತೆ ಮೆಣಸಿನಕಾಯಿಯಿಂದ ಸುಟ್ಟು ಕಪ್ಪಾದ ಬೆರಳನ್ನು ಮೇಜಿನ ಮೇಲಿಟ್ಟಳು. “ಬರಕೋರಿ ಸಾಹೇಬ್ರ. ಮೊದ್ಲ ಇವನ ಹೆಸರು. ಸೂಪರ್‌ವೈಸರಂದು ಆಮ್ಯಾಲೆ.”

ಇನ್‌ಸ್ಪೆಕ್ಟರ್ ಪೆನ್ನು ತೆಗೆಯಲಿಲ್ಲ. ಅತ್ತೆ ಏಳಲಿಲ್ಲ.

ಮೈಲಾರಪ್ಪ ನಿಂತೇ ಇದ್ದ.