ಇನ್ನೊಂದು ಕಾಲು

ವೆಸ್ಟೆರಾಸ್‌ನ ನಮ್ಮ ಕಟ್ಟಡದ ಕೆಳಮನೆಯಲ್ಲಿ ಬೆಲ್ಮಿರೊ ಎಂಬ ಪೋರ್ಚುಗೀಸ್ ಮುದುಕ ಮಗಳೊಂದಿಗಿದ್ದ. ಒಂದು ಕಾಲದಲ್ಲಿ ಸೈನ್ಯದಲ್ಲಿದ್ದೆ ಎಂದಷ್ಟೇ ಹೇಳಿದ್ದ. ನನಗೋ ಹಿರಿಯರು ಕಂಡರೆ ಮಗಳನ್ನು ಕಾಲಿಗೆ ಬೀಳಿಸುವ ಚಟ, ಸ್ವೀಡನ್ನಿನಲ್ಲಿ ಅಜ್ಜಂದಿರಿಗೆ ಬರ. ಹಬ್ಬ ಬಂದರೆ ಸಾಕು, ಚಾರ್ವಿಯಿಂದ ಅವನಿಗೆ ನಮಸ್ಕಾರ ಮಾಡಿಸುತ್ತಿದ್ದೆ. ತಲೆ ಮೇಲೆ ಕೈಯಿಟ್ಟು ಹರಸುವುದನ್ನು ಅವನಿಗೆ ಕಲಿಸಿದವಳೂ ನಾನೇ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿದ ಪೆದ್ದಿ!

2005ರ ದೀಪಾವಳಿಗೆ ಕಾರವಾರದಿಂದ ಅಪ್ಪ ಬಂದರು. 1955ರಲ್ಲಿ ಅವರು ತಮ್ಮ ಅಣ್ಣ ಪ್ರಭಾಕರನೊಂದಿಗೆ ಬರಿಗೈಯಲ್ಲಿ ಗೋವಾ ಗಡಿ ದಾಟಿದ ಸತ್ಯಾಗ್ರಹಿ. ಪೋರ್ಚುಗೀಸರ ಗುಂಡಿಗೆ ದೊಡ್ಡಪ್ಪ ಅಲ್ಲೇ ಸತ್ತ. ಅಪ್ಪನ ಎಡಮಂಡಿಯನ್ನು ಬಂದೂಕಿನ ಹಿಡಿಯಿಂದ ಜಜ್ಜಿದರು. ಅಂದಿನಿಂದ ಅಪ್ಪನಿಗೆ ಊರುಗೋಲೇ ಗತಿ.

ಚಕ್ಕುಲಿ ತಟ್ಟೆ ಹಿಡಿದು ಮೂವರೂ ಕೆಳಗೆ ಹೋದೆವು. ಅಪ್ಪ ಕಾರವಾರದವರೆಂದು ತಿಳಿದದ್ದೇ ಮುದುಕ ಉಬ್ಬಿಹೋಗಿ ನಮ್ಮನ್ನು ಒಳಕೋಣೆಗೆ ಕರೆದೊಯ್ದ. ಗೋಡೆ ತುಂಬ ಅವನದೇ ಫೋಟೋ. ಗೋವಾದಲ್ಲಿ ಕ್ಯಾಪ್ಟನ್. ಅಂಗೋಲಾದಲ್ಲಿ ಕರ್ನಲ್, ಹಿಂದೆ ಉರಿಯುವ ಹಳ್ಳಿ, ಮುಂದೆ ಹೆಣಗಳ ಸಾಲು. ಆಮೇಲೆ ಅಲ್ಲೇ ಒಂದು ಜಿಲ್ಲೆಯ ಗವರ್ನರ್. ಕೊನೆಗೆ ಜನರಲ್.

"ಎಲ್ಲವನ್ನೂ ಗೋವಾದಲ್ಲೇ ಕಲಿತೆ. ಒಂದು ಮಂಡಿ ಮುರಿದರೆ ಇಡೀ ಊರಿಗೆ ಪಾಠ," ಎಂದ ಇಂಗ್ಲಿಷಿನಲ್ಲಿ.

ಅಪ್ಪ ಕ್ಯಾಪ್ಟನ್ ಫೋಟೋದ ಮುಂದೆ ನಿಂತುಬಿಟ್ಟಿದ್ದರು. ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದರು.

ಮುದುಕನ ಮುಖ ಅರಳಿತು. "ಅಣ್ಣನ ಹೆಣ ತಬ್ಬಿಕೊಂಡಿದ್ದ ಹುಡುಗ ನೀನೇ? ಇನ್ನೊಂದು ಕಾಲು ಬಿಡಿ ಅಂದವನು ನಾನು!" ಥ್ಯಾಂಕ್ಸ್ ಹೇಳುತ್ತಾರೇನೋ ಎಂಬಂತೆ ಕಾದ.

ಇಂಗ್ಲಿಷು ಅಷ್ಟಾಗಿ ತಿಳಿಯದ ಚಾರ್ವಿ ಎಂದಿನಂತೆ ಅವನ ಪಾದಕ್ಕೆ ಬಗ್ಗಿದಳು. ಅವನ ಕೈ ಅವಳ ತಲೆಯತ್ತ ಚಾಚಿತು. ಅಪ್ಪನ ಕೋಲು ಆ ಕೈಗೆ ಬಿತ್ತು. ಮೂಳೆ ಲಟಕ್ಕೆಂದಿತು. ಎರಡನೇ ಏಟು ಮಂಡಿಗೆ. ಮುದುಕ ಕೂಗುತ್ತ ಕುಸಿದ. ತಡೆಯಬೇಕಿದ್ದ ನಾನು ನಿಂತೇ ಇದ್ದೆ. ನಿಜ ಹೇಳುತ್ತೇನೆ, ಹಾಯೆನಿಸಿತ್ತು.

"ಇದು ಪ್ರಭಾಕರಣ್ಣಂಗೆ," ಎಂದು ಅಪ್ಪ ತಲೆಗೆ ಗುರಿಯಿಟ್ಟರು.

"ಅಜ್ಜಾ, ಬೇಡ!" ಸ್ವೀಡಿಷ್‌ನಲ್ಲಿ ಚೀರಿದ ಚಾರ್ವಿ ಮುದುಕನ ಮೇಲೆ ಬಿದ್ದು ತಬ್ಬಿಕೊಂಡಳು. ಅವಳ ಹಬ್ಬದ ಲಂಗಕ್ಕೆಲ್ಲ ರಕ್ತ. ಅಪ್ಪನ ಕೋಲು ಮೇಲೆಯೇ ನಿಂತಿತು. ಅವನಿಗೆ ಇಂಗ್ಲಿಷಿನಲ್ಲೇ ಹೇಳಿದರು: "ಬದುಕಿಕೋ. ಇನ್ನೊಂದು ಕಾಲು ಬಿಟ್ಟಿದ್ದೇನೆ."

ಪೊಲೀಸರು ಕರೆದೊಯ್ಯುವಾಗ ಅಪ್ಪ ಬಾಗಿಲಲ್ಲಿ ನಿಂತರು. "ಬರ್ತೀನಿ ಪುಟ್ಟಿ," ಎಂದು ಚಾರ್ವಿಯ ತಲೆಯತ್ತ ಕೈ ಚಾಚಿದರು.

ಅವಳು ತಲೆ ತಗ್ಗಿಸಿ ನನ್ನ ಬೆನ್ನ ಹಿಂದೆ ಸರಿದುಬಿಟ್ಟಳು.