ಪಾಲಾಕ್ಷನ ತೂಕಕ್ಕೆ ಒಂದು ಗಾಳಿಪಟ

ಚಳ್ಳಕೆರೆಯ ಮಾರುಕಟ್ಟೆ ಯಾರ್ಡಿನಲ್ಲಿ ಶೇಂಗಾ ತೂಗುವ ಪಾಲಾಕ್ಷನ ಬಾಯಿಂದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ತಪ್ಪು ತೂಕ ಹೊರಬಿದ್ದದ್ದಿಲ್ಲ. ಇದು ಉಪಚಾರದ ಮಾತಲ್ಲ, ಯಾರ್ಡಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಈಗ ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ಕಾಟಾ ಬಂದಿದೆ, ತೂಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೂ ಪಾಲಾಕ್ಷ ಗಂಟಲೆತ್ತಿ ಕೂಗಿದ ಮೇಲೆಯೇ ಗುಮಾಸ್ತ ಕೃಷ್ಣಮೂರ್ತಿ ಬರೆದುಕೊಳ್ಳುವುದು. ಒಮ್ಮೆ ಒಬ್ಬ ವರ್ತಕ ಚೀಲಕ್ಕೆ ಅರ್ಧ ಕಿಲೋ ಇಳಿಸಿ ಕೂಗು ಎಂದು ಕಣ್ಣು ಮಿಟುಕಿಸಿದ. ಪಾಲಾಕ್ಷ ಹೆಗಲ ಟವೆಲ್ಲು ಕೊಡವಿಕೊಂಡು ಮನೆಗೆ ಹೋದವನು ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕಡೆಗೆ ಆ ವರ್ತಕನೇ ಮನೆಬಾಗಿಲಿಗೆ ಬಂದು ಕರೆದುಕೊಂಡು ಹೋದ.

ಅಂಥ ಮನುಷ್ಯ ಆಷಾಢದ ಒಂದು ಶುಕ್ರವಾರ, ಸುಭಾನ್ ಸಾಹೇಬರ ಪಂಕ್ಚರ್ ಅಂಗಡಿಯ ಮುಂದೆ ನಿಂತು, ಹಾಡಹಗಲೇ ಹದಿನೇಳು ಕಿಲೋ ಸುಳ್ಳು ಹೇಳಿದ.

"ಅಣ್ಣಾ, ನಿಮ್ಮ ತೂಕ ಎಷ್ಟು?" ಎಂದು ಕೇಳಿದ್ದು ಸುಭಾನ್ ಸಾಹೇಬರ ಮಗಳು ಸುಮಯ್ಯ.

"ಎಪ್ಪತ್ತೆಂಟು," ಎಂದ ಪಾಲಾಕ್ಷ.

ಇದ್ದದ್ದು ಅರವತ್ತೊಂದು.

ಸುಮಯ್ಯ ಯಾಕೆ ಕೇಳಿದಳೆಂದರೆ, ಅವಳು ಅವನಿಗೆ ಗಾಳಿಪಟ ಮಾರುವವಳಿದ್ದಳು. ನಮ್ಮ ಆಷಾಢದ ಕಾಗದದ ಪಟವಲ್ಲ, ಮನುಷ್ಯನನ್ನೇ ಎಳೆದುಕೊಂಡು ಹೋಗುವ ಪಟ. ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಪಟದ ಹಗ್ಗ ಬಿಗಿದುಕೊಂಡು ಸಮುದ್ರದ ಮೇಲೆ ಓಡುವ ಆಟವಿದೆಯಲ್ಲ, ಕೈಟ್ ಸರ್ಫಿಂಗ್ ಅಂತ, ಅದರದ್ದು. ಆ ಪಟದ ಅಂಚಿನಲ್ಲಿ ಗಾಳಿ ತುಂಬುವ ಉದ್ದನೆಯ ಟ್ಯೂಬು ಇರುತ್ತದೆ, ಟ್ಯೂಬು ಇದ್ದ ಮೇಲೆ ಪಂಕ್ಚರ್ ಇದ್ದೇ ಇರುತ್ತದೆ. ಅಪ್ಪನ ಅಂಗಡಿಯಲ್ಲಿ ಲಾರಿ ಟ್ಯೂಬಿಗೆ ತೇಪೆ ಹಾಕಿ ಕೈ ಪಳಗಿದ್ದ ಸುಮಯ್ಯ, ಮೂರು ವರ್ಷದ ಹಿಂದೆ ರಾಮೇಶ್ವರದ ದಂಡೆಯ ಒಂದು ಕಲಿಕಾ ಶಾಲೆಗೆ ಇದೇ ಕೆಲಸಕ್ಕೆ ಹೋದಳು. ಮೊದಲು ತೇಪೆ ಹಾಕಿದಳು, ಆಮೇಲೆ ತಾನೇ ಆಡಲು ಕಲಿತಳು, ಈಗ ಬೇರೆಯವರಿಗೆ ಕಲಿಸುತ್ತಾಳೆ.

ಪಾಲಾಕ್ಷ ಅವಳನ್ನು ಕಂಡದ್ದೂ ಅಲ್ಲಿಯೇ. ಹೋದ ವರ್ಷ ಹೆಂಡತಿ ಜ್ಯೋತಿಲಕ್ಷ್ಮಿಯ ಜೊತೆ ಟೂರಿನ ಬಸ್ಸಿನಲ್ಲಿ ರಾಮೇಶ್ವರಕ್ಕೆ ಹೋಗಿದ್ದ. ಬಸ್ಸಿನವರೆಲ್ಲ ತೀರ್ಥಸ್ನಾನಕ್ಕೆ ಸಾಲು ನಿಂತರೆ ಈ ಪುಣ್ಯಾತ್ಮ ದಂಡೆಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಪಟಗಳು ಮೇಲೆ, ಮನುಷ್ಯರು ಕೆಳಗೆ, ನಡುವೆ ಬರೀ ಗಾಳಿ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಹುಡುಗಿ ಫೋನಿನಲ್ಲಿ ಅಪ್ಪನಿಗೆ "ಅಬ್ಬಾ, ಕಂಪ್ರೆಸರ್ ರಿಪೇರಿ ಆಯ್ತಾ?" ಎಂದು ಅಪ್ಪಟ ಚಳ್ಳಕೆರೆಯ ರಾಗದಲ್ಲಿ ಮಾತಾಡಿದ್ದು ಕೇಳಿತು. ಸುಮಯ್ಯನ ಪರಿಚಯ ಹೀಗಾಯಿತು. ಹತ್ತು ದಿನದಲ್ಲಿ ಕಲಿಯಬಹುದು, ಪಟ ಬಾಡಿಗೆಗೆ ತಗೊಂಡರೆ ದುಬಾರಿ, ಹಳೆಯದೊಂದು ಸ್ವಂತಕ್ಕೆ ಇದ್ದರೆ ಅರ್ಧ ಫೀಸು ಎಂದು ಅವಳು ಹೇಳಿದ್ದಳು. ಪಾಲಾಕ್ಷ ಅಂದಿನಿಂದ ದುಡ್ಡು ಕೂಡಿಡಲು ಶುರು ಮಾಡಿದ. ಈಗ ಅವಳು ರಜೆಗೆ ಊರಿಗೆ ಬರುವಾಗ ತನ್ನ ಎರಡು ಹಳೆಯ ಪಟಗಳನ್ನು ತಂದಿದ್ದಳು, ಒಂದು ಒಂಬತ್ತು ಚದರ ಮೀಟರಿನದು, ಇನ್ನೊಂದು ಹನ್ನೆರಡರದು. ಒಂದು ಇವನಿಗೆ, ಇನ್ನೊಂದು ಬೇರೆಯವರಿಗೆ. ಎರಡಕ್ಕೂ ಒಂದೇ ರೇಟು.

"ಎಪ್ಪತ್ತೆಂಟಾದ್ರೆ ಹನ್ನೆರಡೇ ಸರಿ," ಎಂದಳು ಸುಮಯ್ಯ. "ಮೈ ಹಗುರ ಇದ್ದೋರಿಗೆ ಒಂಬತ್ತು. ಹಗುರ ಇದ್ದೋರು ದೊಡ್ಡದು ಹಿಡಿದ್ರೆ ಗಾಳಿ ಎತ್ತಿ ಒಗೀತೈತೆ, ಅಣ್ಣಾ. ಕಾಲು ಮುರ್ಕೊಂಡೋರನ್ನ ನಾನೇ ನೋಡೀನಿ."

ಪಾಲಾಕ್ಷ ತಲೆ ಆಡಿಸಿದ. ಆಡಿಸದೆ ಏನು ಮಾಡುತ್ತಾನೆ? ಎಪ್ಪತ್ತೆಂಟು ಸುಳ್ಳೇನಲ್ಲ, ಹಳೆಯ ನಿಜ. ಹೋದ ವರ್ಷ ಅಷ್ಟೇ ಇದ್ದ. ದಸರೆಯ ಹೊತ್ತಿಗೆ ಯಾಕೋ ಪ್ಯಾಂಟು ಜಾರತೊಡಗಿತು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಒಬ್ಬನೇ ಕಾಟಾದ ಮೇಲೆ ನಿಂತು ನೋಡಿದ, ಎಪ್ಪತ್ತೊಂದು. ಸಂಕ್ರಾಂತಿಗೆ ಅರವತ್ತಾರು. ಹೋದ ವಾರ ಅರವತ್ತೊಂದು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡ, ಅಂಗಿಯೊಳಗೆ ಎರಡು ಬನಿಯನ್ ತೊಟ್ಟ, ಯಾರ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ. ಅವನ ಅಪ್ಪನೂ ಹೀಗೆಯೇ ಒಂದೇ ವರ್ಷದಲ್ಲಿ ಕರಗಿ ಹೋಗಿದ್ದ. ಏನು ರೋಗವೆಂದು ತಿಳಿಯುವ ಮೊದಲೇ ಅವನನ್ನು ಹೊತ್ತು ಹಾಕಿದ್ದಾಗಿತ್ತು. ಪಾಲಾಕ್ಷನಿಗೆ ಭಯವಾಗಿತ್ತು, ಅಷ್ಟೇ. ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗುತ್ತದೆ ಎನ್ನುವ ಭಯ. ಆಗುವುದು ಆಗುವುದರೊಳಗೆ ಒಂದೇ ಒಂದು ಸಲ ಆ ನೀರಿನ ಮೇಲೆ ಓಡಿಬಿಡಬೇಕು ಎಂದು ಹಟ ಹಿಡಿದಿದ್ದ. ಇಂಥವನಿಗೆ ಏನು ಹೇಳುವುದು ಹೇಳಿ.

ಮನೆಯಲ್ಲಿ ಜ್ಯೋತಿಲಕ್ಷ್ಮಿ ಒಂದೇ ಷರತ್ತು ಹಾಕಿದಳು. ಮೊಳಕಾಲ್ಮೂರಿನ ರೇಷ್ಮೆ ನೇಯುವವರ ಮನೆಯ ಮಗಳು ಅವಳು. "ಹಳೇ ಬಟ್ಟೆ ಅಂತೀಯ. ನಮ್ಮವ್ವ ನೋಡ್ದೆ ಒಂದು ಪೈಸೆ ಬಿಚ್ಚಬಾರ್ದು," ಎಂದಳು.

ಹಾಗಾಗಿ ಶನಿವಾರ ಪಾಲಾಕ್ಷ, ಜ್ಯೋತಿಲಕ್ಷ್ಮಿ, ಸುಮಯ್ಯ ಮೂವರೂ ಎರಡು ಚೀಲ ಹೊತ್ತುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಅತ್ತೆ ಯರ್ರಮ್ಮನಿಗೆ ಎಪ್ಪತ್ತು ದಾಟಿದೆ, ಮಗ್ಗ ಬಿಟ್ಟು ಎಷ್ಟೋ ವರ್ಷವಾಯಿತು. ಆದರೆ ಇವತ್ತಿಗೂ ಓಣಿಯಲ್ಲಿ ಸೀರೆ ಮಗ್ಗದಿಂದ ಇಳಿದರೆ ಮೊದಲು ಅವಳ ಕೈಗೆ ಬರುತ್ತದೆ. ಅವಳು ಕಣ್ಣಿಗಿಂತ ಬೆರಳನ್ನು ನಂಬುವವಳು.

ಹಜಾರದಲ್ಲಿ ಪಟಗಳನ್ನು ಹಾಸಿದರು. ಕೆಂಪು ಬಣ್ಣದ ಹನ್ನೆರಡರ ಪಟ ಬಾಗಿಲು ದಾಟಿ ಜಗುಲಿಗೆ ಹರಿಯಿತು. ಒಂಬತ್ತರದು ಬಿಸಿಲಿಗೆ ಬಿಳಿಚಿಕೊಂಡಿತ್ತು, ಮೂರು ಕಡೆ ತೇಪೆ. ಯರ್ರಮ್ಮ ಎರಡನ್ನೂ ಬೆಳಕಿಗೆ ಹಿಡಿದಳು, ಹೆಬ್ಬೆರಳಲ್ಲಿ ಉಜ್ಜಿದಳು, ಕಿವಿಯ ಹತ್ತಿರ ತಂದು ಹಿಚುಕಿದಳು.

"ಎರಡೂ ಗಟ್ಟಿ ಐತೆ. ಸತ್ತ ಬಟ್ಟೆ ಸದ್ದು ಮಾಡಲ್ಲ, ಇದು ಮಾಡ್ತೈತೆ. ತೇಪೆ ಹಾಕಿದೋರು ಯಾರು?"

"ನಾನೇ, ಅಜ್ಜಿ," ಎಂದಳು ಸುಮಯ್ಯ.

"ಒಳ್ಳೆ ಕೈ ಅಮ್ಮಾ ನಿಂದು. ಎರಡಕ್ಕೂ ಒಂದೇ ರೇಟಾ? ಹಂಗಾದ್ರೆ ಇನ್ನೇನು ನೋಡ್ತೀರಿ, ಹನ್ನೆರಡು ತಗೊಳ್ರಿ. ಮೂರು ಮೀಟ್ರು ಪುಕ್ಕಟೆ."

ಜ್ಯೋತಿಲಕ್ಷ್ಮಿಗೂ ಅದು ನ್ಯಾಯವೆನಿಸಿತು. ಬಟ್ಟೆಯವರಿಗೆ ಅಳತೆ ಹೆಚ್ಚಾದಷ್ಟೂ ಲಾಭವೇ ಅಲ್ಲವೇ. ಸುಮಯ್ಯ ನಕ್ಕು, ಇದು ಸೀರೆಯಲ್ಲ ಅಜ್ಜಿ, ಮೈತೂಕ ನೋಡಿ ಆರಿಸಬೇಕು ಎಂದು ಮತ್ತೆ ವಿವರಿಸಿದಳು. ಯರ್ರಮ್ಮ ಅಳಿಯನ ಕಡೆ ತಿರುಗಿದಳು. ಗಡಿಯ ಕಡೆಯವಳು, ಅಳಿಯನನ್ನು ತೆಲುಗಿನಲ್ಲೇ ಕರೆಯುವುದು ಅವಳ ರೂಢಿ.

"ಏಮಯ್ಯಾ ಅಲ್ಲುಡು, ಎಷ್ಟಿದೀಯ?"

"ಎಪ್ಪತ್ತೆಂಟು," ಎಂದ ಪಾಲಾಕ್ಷ, ಎರಡನೇ ಸಲ.

ಯರ್ರಮ್ಮ ಊಟಕ್ಕೆ ಎಲೆ ಹಾಕುವಾಗ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು, ಹೆಬ್ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಅನ್ನ ಎರಡು ಸೌಟು ಜಾಸ್ತಿ ಬಡಿಸಿದಳು. ಪಾಲಾಕ್ಷ ತಲೆ ಎತ್ತದೆ ಉಂಡ, ನಾಲ್ಕು ಚೊಂಬು ನೀರು ಕುಡಿದ.

ಭಾನುವಾರ ಬೆಳಿಗ್ಗೆ ಪಟವನ್ನು ನೆಲದ ಮೇಲೆ ಪರೀಕ್ಷೆ ಮಾಡುವುದೆಂದು ಮಾತಾಗಿತ್ತು. ಕುದಾಪುರದ ಹತ್ತಿರ, ಸಂಶೋಧನಾ ಕ್ಯಾಂಪಸ್ಸುಗಳ ಬೇಲಿಯಿಂದಾಚೆ ಉಳಿದ ಹುಲ್ಲುಬಯಲಿಗೆ ಆಟೋ ಮಾಡಿಕೊಂಡು ಹೋದರು. ಆಷಾಢದ ಗಾಳಿ ಹುಲ್ಲನ್ನೆಲ್ಲ ಒಂದೇ ಕಡೆಗೆ ಬಾಚುತ್ತಿತ್ತು. ದೂರದಲ್ಲಿ ಕುರಿಮಂದೆಯೊಂದು ಮೇಯುತ್ತಿತ್ತು, ಬೇರೆ ಜನರಿಲ್ಲ.

ಸುಮಯ್ಯ ಮೊದಲು ಒಂಬತ್ತನ್ನು ತಾನೇ ಹಾರಿಸಿ ತೋರಿಸಿದಳು. ಹಿಡಿಕೆಯಲ್ಲಿ ಒಂದು ಕೆಂಪು ಗುಬಟು ಇತ್ತು. ಅದನ್ನು ಮುಂದಕ್ಕೆ ತಳ್ಳಿದರೆ ಪಟ ಗಾಳಿ ಕಳಕೊಂಡು ನೆಲಕ್ಕೆ ಬೀಳುತ್ತದೆ. ಅದನ್ನು ಪಾಲಾಕ್ಷನ ಕೈಯಲ್ಲಿ ಇಪ್ಪತ್ತು ಸಲ ತಳ್ಳಿಸಿದಳು. ಹಳೆ ಪಟ ತಗೊಳ್ಳುವವರು ಬಟ್ಟೆ ನೋಡುವ ಮೊದಲು ಇದು ಕೆಲಸ ಮಾಡುತ್ತದೋ ನೋಡಬೇಕು ಎಂದಳು. ಆಮೇಲೆ ಹನ್ನೆರಡಕ್ಕೆ ಗಾಳಿ ತುಂಬಿ, ಹಗ್ಗಗಳನ್ನು ಬಿಡಿಸಿ, ಅವನ ಸೊಂಟಕ್ಕೆ ದಪ್ಪ ಪಟ್ಟಿ ಕಟ್ಟಿದಳು. ಕೊನೆಯ ತೂತಿಗೆ ಎಳೆದರೂ ಪಟ್ಟಿ ಸಡಿಲ. ಸುಮಯ್ಯ ಹುಬ್ಬು ಗಂಟಿಕ್ಕಿದಳು.

"ಜ್ಯೋತಕ್ಕಾ, ನೀವು ಹಿಂದಿನಿಂದ ಪಟ್ಟಿಯ ಈ ಹಿಡಿ ಹಿಡ್ಕೊಂಡು ಕೂತ್ಕೊಬೇಕು. ಬಿಡಬಾರ್ದು. ಅಣ್ಣ ಎಪ್ಪತ್ತೆಂಟು, ನೀವು ಐವತ್ತು. ನೂರಿಪ್ಪತ್ತೆಂಟು ಅಂದ್ರೆ ಈ ಗಾಳಿಗೆ ಸಾಕು."

"ನಾನ್ಯಾಕೆ ಬಿಡ್ತೀನಿ," ಎಂದು ಜ್ಯೋತಿಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಹಿಡಿದ ಮೇಲೆ ಬಿಡುವ ಹೆಂಗಸಲ್ಲ ಅವಳು, ಅದು ಪಾಲಾಕ್ಷನಿಗೆ ಚೆನ್ನಾಗಿ ಗೊತ್ತು.

ಅಲ್ಲೇ ಅವನು ಲೆಕ್ಕ ಹಾಕಿದ್ದು. ತನ್ನೊಬ್ಬನ ಮೈ ಆಗಿದ್ದರೆ ಏನಾದರೂ ಆಗಲಿ ಎಂದು ಸುಮ್ಮನಿರುತ್ತಿದ್ದನೋ ಏನೋ. ಆದರೆ ಸುಮಯ್ಯ ಕೂಗಿದ ನೂರಿಪ್ಪತ್ತೆಂಟು ನೂರಿಪ್ಪತ್ತೆಂಟಲ್ಲ, ನೂರಾಹನ್ನೊಂದು. ಹದಿನೇಳು ಕಿಲೋ ಕಡಿಮೆ. ಆ ಹದಿನೇಳು ಕಿಲೋ ಇದೆಯೆಂದು ನಂಬಿ ಹಿಂದೆ ಒಬ್ಬಳು ಹಿಡಿ ಹಿಡಿದು ಕೂತಿದ್ದಾಳೆ. ಪಟ ಎತ್ತಿದರೆ ಇಬ್ಬರನ್ನೂ ಎತ್ತುತ್ತದೆ. ಅರ್ಧ ಕಿಲೋಗೆ ಮೂರು ತಿಂಗಳು ಮನೆಯಲ್ಲಿ ಕೂತವನು ಹಿಂತಿರುಗಿ ಅವಳ ಕೈ ನೋಡಿದ.

"ಏಳಿಸ್ತೀನಿ ಅಣ್ಣಾ, ರೆಡಿನಾ?" ಎಂದು ಸುಮಯ್ಯ ದೂರದಿಂದ, ಪಟದ ತುದಿ ಹಿಡಿದುಕೊಂಡು ಕೇಳಿದಳು.

"ಬೇಡ, ಇಳಿಸವ್ವ," ಎಂದ ಪಾಲಾಕ್ಷ. "ನಾನು ಎಪ್ಪತ್ತೆಂಟಿಲ್ಲ. ಅರವತ್ತೊಂದು."

ಗಾಳಿಗೆ ಅವಳಿಗೆ ಕೇಳಿಸಲಿಲ್ಲ. ಅವನು ಯಾರ್ಡಿನಲ್ಲಿ ಕೂಗುವ ಹಾಗೆ ಗಂಟಲೆತ್ತಿ ಇನ್ನೊಮ್ಮೆ ಕೂಗಿದ, ಅರವತ್ತೊಂದು. ದೂರದ ಕುರಿಗಳು ಕೂಡ ತಲೆ ಎತ್ತಿದವು. ಸುಮಯ್ಯ ಪಟವನ್ನು ಮಗುಚಿ ಹಾಕಿ ಅದರ ಮೇಲೆ ಮಣ್ಣಿನ ಚೀಲವಿಟ್ಟು ಓಡಿಬಂದಳು. ಅವನ ಸೊಂಟದಿಂದ ಹಗ್ಗ ಕಳಚಿದಳು, ಪಟ ಮಡಿಸುವ ನೆಪದಲ್ಲಿ ಅತ್ತ ಹೋದಳು. ಜಾಣೆ ಹುಡುಗಿ.

ಜ್ಯೋತಿಲಕ್ಷ್ಮಿ ಇನ್ನೂ ಹಿಡಿ ಬಿಟ್ಟಿರಲಿಲ್ಲ.

"ಯಾವಾಗಿಂದ?" ಎಂದಳು.

"ದಸರೆಯಿಂದ."

"ದಸರೆಯಿಂದ," ಎಂದು ಅವಳು ಅದನ್ನೇ ಹೇಳಿದಳು. "ಲೋಕದ ಚೀಲದ ತೂಕ ಎಲ್ಲ ಕೂಗಿ ಹೇಳ್ತೀಯ. ಮನೇಲಿ ಒಬ್ಬಳಿದೀನಿ, ನನಗೆ ಹೇಳಕ್ಕೆ ನಿನಗೆ ಬಾಯಿ ಬರಲಿಲ್ವಾ?"

ಪಾಲಾಕ್ಷ ಅಪ್ಪನ ಹೆಸರು ಹೇಳಿದ, ಅಪ್ಪನೂ ಹೀಗೆಯೇ ಕರಗಿದ ಎಂದ. ಜ್ಯೋತಿಲಕ್ಷ್ಮಿಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚು ಅಳು ಬಂದಿತ್ತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು. ಅವನು ಗಳಿಗೆಗೊಮ್ಮೆ ನೀರು ಕುಡಿಯುವುದು, ಕೂತಲ್ಲೇ ಸುಸ್ತಾಗುವುದು, ನಿನ್ನೆ ಅವ್ವ ಬಸ್ಸು ಹತ್ತಿಸುವಾಗ ಕಿವಿಯಲ್ಲಿ "ಅಳಿಯನ್ನ ಡಾಕ್ಟ್ರಿಗೆ ತೋರ್ಸೇ" ಎಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವ್ವನಿಗೆ ಅರಳು ಮರಳು ಎಂದುಕೊಂಡು ಬಸ್ಸಿನಲ್ಲಿ ನಿದ್ದೆ ಹೊಡೆದಿದ್ದಳು. ಅದಕ್ಕಾಗಿ ತನ್ನ ಮೇಲೂ ಸಿಟ್ಟು ಬಂತು.

ಕಡೆಗೆ ಎದ್ದು ಸೀರೆಯ ಹುಲ್ಲು ಕೊಡವಿಕೊಂಡಳು.

"ನಾಳೆ ಬೆಳಿಗ್ಗೆ ಡಾಕ್ಟ್ರು. ನಾನೂ ಬರ್ತೀನಿ. ಈಗ ಸುಮಯ್ಯಂಗೆ ದುಡ್ಡು ಕೊಡು, ಒಂಬತ್ತು ತಗೊ."

"ಡಾಕ್ಟ್ರು ಏನಂತಾರೋ ಗೊತ್ತಿಲ್ದೇನೇ?"

"ಅದಕ್ಕೇ ಇವತ್ತೇ ತಗೊ," ಎಂದಳು ಜ್ಯೋತಿಲಕ್ಷ್ಮಿ.

ಬಿಳಿಚಿದ, ಮೂರು ತೇಪೆಯ ಒಂಬತ್ತನ್ನು ಆಟೋದಲ್ಲಿ ಅವಳೇ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಸೋಮವಾರ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ನಾನೂರ ಹತ್ತು ದಾಟಿತ್ತು. ಡಾಕ್ಟರು ಪಾಲಾಕ್ಷನಿಗೆ ಚೆನ್ನಾಗಿ ಉಗಿದರು. ಇದು ಮದ್ದಿಗೆ ಬಗ್ಗುವ ರೋಗ, ನಿಮ್ಮಪ್ಪನಿಗೂ ಇದೇ ಇದ್ದಿರಬೇಕು, ಆಗ ಯಾರೂ ನೋಡಲಿಲ್ಲ ಎಂದರು. ಇಂಜೆಕ್ಷನ್ನು, ಮಾತ್ರೆ, ಪಥ್ಯ ಬರೆದುಕೊಟ್ಟರು. ಸಮುದ್ರಕ್ಕೆ ಈಗಲೇ ಬೇಡ, ಸಕ್ಕರೆ ಹದಕ್ಕೆ ಬಂದ ಮೇಲೆ ನೋಡೋಣ ಎಂದರು. ಸುಮಯ್ಯ ಕಲಿಕಾ ಶಾಲೆಯಲ್ಲಿ ಅವನ ಸೀಟನ್ನು ಸಂಕ್ರಾಂತಿಯ ನಂತರಕ್ಕೆ ಬರೆಸಿದಳು. ಪಟ ಮನೆಯ ಅಟ್ಟದ ಮೇಲೆ, ಯರ್ರಮ್ಮ ಕಳಿಸಿದ ಹಳೆಯ ಪಂಚೆಯೊಂದರಲ್ಲಿ ಸುತ್ತಿಕೊಂಡು ಕೂತಿತು.

ಒಂದು ತಿಂಗಳಾದ ಮೇಲೆ, ಯಾರ್ಡಿನಲ್ಲಿ ಮಧ್ಯಾಹ್ನದ ತೂಕ ನಡೆದಿರುವಾಗ, ರಾಮೇಶ್ವರದಿಂದ ಸುಮಯ್ಯನ ಫೋನು ಬಂತು.

"ಅಣ್ಣಾ, ನಿಮ್ಮ ಸೊಂಟಕ್ಕೆ ಸರಿಯಾದ ಪಟ್ಟಿ ಒಂದು ಸಿಕ್ಕೈತೆ. ಸೈಜ್ ನೋಡ್ಬೇಕು. ಈಗ ತೂಕ ಎಷ್ಟು?"

ಸುತ್ತ ಹಮಾಲರ ಗದ್ದಲ, ಟ್ರ್ಯಾಕ್ಟರಿನ ಸದ್ದು. ಪಾಲಾಕ್ಷ ಫೋನನ್ನು ಬಾಯಿಯ ಹತ್ತಿರ ಹಿಡಿದು, ಯಾವತ್ತಿನ ದನಿಯಲ್ಲಿ ಇಡೀ ಯಾರ್ಡಿಗೆ ಕೇಳುವಂತೆ ಕೂಗಿದ.

"ಅರವತ್ತಮೂರು."

ಗುಮಾಸ್ತ ಕೃಷ್ಣಮೂರ್ತಿ ಬರೆಯಲು ಹೋದವನು ಪೆನ್ನು ಎತ್ತಿ ಹಿಡಿದ.

"ಯಾವ ಚೀಲದ್ದಪ್ಪಾ ಅದು? ಬೆಳಿಗ್ಗೆಯಿಂದ ನಲವತ್ತು ದಾಟಿದ್ದು ಒಂದೂ ಬಂದಿಲ್ವಲ್ಲ."

"ಚೀಲದ್ದಲ್ಲ ಸ್ವಾಮಿ," ಎಂದ ಪಾಲಾಕ್ಷ. "ನಂದು."